ರಿಯಾಕ್ಟರಿಗೆ ತೀರ್ಥ

ನವೆಂಬರ್ ೨೧, ಶುಕ್ರವಾರ. ಮುಧೋಳ.

ಈ ಸಲವೂ ನಮ್ಮ ಕಾರ್ಖಾನೆಯ ಪ್ಲಾಸ್ಟಿಕ್ ಒಣಬೆಲ್ಲದ ಹಾಗೆ ಪುಡಿಯಾಯಿತು. ಕಬ್ಬಿನ ಸಕ್ಕರೆಯಿಂದ ಬಂದ ಲ್ಯಾಕ್ಟೈಡ್ ಎಂಬ ರಾಸಾಯನಿಕದ ಉಂಗುರದಂಥ ಅಣುಗಳನ್ನು, ಕ್ರಿಯೆಗೆ ವೇಗ ಕೊಡುವ ತವರದ ಕ್ಯಾಟಲಿಸ್ಟ್ ಬಿಚ್ಚಿ, ರಿಯಾಕ್ಟರ್ ಎಂಬ ಉಕ್ಕಿನ ಪಾತ್ರೆಯಲ್ಲಿ ಉದ್ದ ಸರಪಳಿಯಾಗಿ ಜೋಡಿಸಬೇಕು. ನೀರು ಸೇರಿದರೆ ಸರಪಳಿ ಗಿಡ್ಡವಾಗಿ ಪ್ಲಾಸ್ಟಿಕ್ ಪುಡಿಯಾಗುತ್ತದೆ. ಪ್ರತಿ ಸಲದಂತೆ ನಿನ್ನೆಯೂ ಅಮಾವಾಸ್ಯೆ ಪೂಜೆಯಲ್ಲಿ ಮ್ಯಾನೇಜರ್ ರಘೂತ್ತಮರು ತೆರೆದ ರಿಯಾಕ್ಟರಿನೊಳಗೇ ತೀರ್ಥ ಹಾಕಿದರು. ನಾನು ಕೈಮುಗಿದು ನಿಂತಿದ್ದೆ.

ಇಂದು ಧೈರ್ಯ ಮಾಡಿ ಹೇಳಿದೆ: "ಸರ್, ನೀರು ಬಿದ್ದೇ ಕೆಟ್ಟದ ರೀ."

ಎಲ್ಲರೂ ನನ್ನನ್ನು ನೋಡಿದ ರೀತಿ! ದೇವರೇ ಬೇಡವೆಂದೆನೇನೋ ಎಂಬಂತೆ.

"ಹಂಗಲ್ಲವ್ವಾ ಪ್ರಣೀತಾ," ಎಂದರು ರಘೂತ್ತಮರು. " ಪೂಜಾದಾಗ ಏನೋ ಕಡಿಮಿ ಆಗ್ಯದ. ಸೋಮವಾರ ಮತ್ತ ಮಾಡೋಣು. ಈ ಸಲ ತೀರ್ಥ ನೀನ ಹಾಕು."

"ಹ್ಞೂಂ ರೀ" ಅಂದುಬಿಟ್ಟೆ. ಸೋಮವಾರ ತೀರ್ಥದ ಉದ್ಧರಣೆ ನನ್ನ ಕೈಯಲ್ಲಿ, ಎಲ್ಲರ ಕಣ್ಣೂ ಅದರ ಮೇಲೆ. ಹಾಕಿದಂತೆ ನಟಿಸಿ, ಒಂದೇ ಒಂದು ಹನಿಯೂ ಒಳಗೆ ಬೀಳದಂತೆ ನೋಡಿಕೊಂಡರೆ ಪ್ಲಾಸ್ಟಿಕ್ ಗಟ್ಟಿಯಾದೀತು; ಆದರೆ ಎಲ್ಲರೂ ಅದು ಪೂಜೆಯ ಫಲವೆನ್ನುತ್ತಾರೆ.