ನೀರಿನ ಪುಟ, ಟೀವಿ ಪುಟ

ಸಿರುಗುಪ್ಪ
ಸೋಮವಾರ, ೧೬ ಜೂನ್ ೨೦೨೫

ನೇತ್ರಾಳ ಅಪ್ಪನವರಿಗೆ,

ಮೊಣಕಾಲು ನೋವು ಹೇಗಿದೆ? ಬಿ.ಪಿ. ಗುಳಿಗೆ ಇಲ್ಲೇ ಬಿಟ್ಟು ಹೋಗಿದ್ದೀರಿ. ಕುರುಗೋಡಿಗೆ ಹೊರಟಿರುವ ಪಕ್ಕದ ಮನೆಯ ಪಾಲಯ್ಯನ ಕೈಯಲ್ಲಿ ಈ ಕಾಗದದ ಜೊತೆ ಅದನ್ನೂ ಕಳಿಸುತ್ತಿದ್ದೇನೆ. ತಿಂಡಿ ಆದ ಮೇಲೆ ಒಂದು, ಮರೆಯಬೇಡಿ. ಫೋನು ಮಾಡಿದರೆ ನೀವು ಎತ್ತುವುದಿಲ್ಲ. ನಿಮ್ಮ ಅಕ್ಕ ಹಂಪಕ್ಕನವರಿಗೆ ಮಾಡಿದರೆ “ಅವ ಮಕ್ಕೊಂಡಾನವ್ವಾ” ಅನ್ನುತ್ತಾರೆ, ಹಿಂದೆ ನಿಮ್ಮ ಕೆಮ್ಮು ಕೇಳಿಸುತ್ತಿರುತ್ತದೆ. ಆ ವಯಸ್ಸಾದವರ ಬಾಯಲ್ಲಿ ಯಾಕೆ ಸುಳ್ಳು ಹೇಳಿಸುತ್ತೀರಿ? ಅದಕ್ಕೇ ಕಾಗದ ಬರೆಯಲು ಕೂತೆ.

ಒಂದು ಮಾತಿಗೆ ಇಷ್ಟು ಸಿಟ್ಟೇ? ಅಲ್ಲಾವುದ್ದೀನ್ ಅಣ್ಣನವರು ನಮ್ಮ ವಾರಪತ್ರಿಕೆ ‘ಟೀವಿ ವಾರ’ದಿಂದ ನಾನು ಬರೆಯುವ ಕೊನೆಯ ಪುಟ ಕತ್ತರಿಸಿ ತಮ್ಮ ಬಟ್ಟೆ ಅಂಗಡಿಯ ಗೋಡೆಗೆ ಅಂಟಿಸಿದ್ದರು, ಉಳಿದ ಹಾಳೆಗಳನ್ನು ಸೀರೆಯ ಮಡಿಕೆಯೊಳಗೆ ಇಟ್ಟಿದ್ದರು. ನೀವು ಕೇಳಿದ್ದಕ್ಕೆ “ಟೀವಿ ಟೈಮು ಯಾರ್ ನೋಡ್ತಾರ್ರಿ ಈಗ? ನಲ್ಯಾಗ ನೀರು ಯಾವತ್ತು ಬರ್ತೈತಿ, ಯಾರ ಮನ್ಯಾಗ ಮದುವಿ ಐತಿ, ಅದಕ್ಕ ನಾನು ತರಸೋದು” ಅಂದರು. ಅವರು ನಿಮ್ಮನ್ನು ಹೀಯಾಳಿಸಲಿಲ್ಲ. ಚಂದಾ ಕಟ್ಟಿ ತರಿಸುವವರು, ಇದ್ದದ್ದು ಹೇಳಿದರು. ನೀವು ಮನೆಗೆ ಬಂದು ನನ್ನ ಕಡೆ ಒಂದು ಸಲ ನೋಡಿ, ಚೀಲ ತುಂಬಿಕೊಂಡು ಬಸ್ ಹತ್ತಿದಿರಿ.

ನಿಮ್ಮ ಸಂಕಟ ನನಗೆ ತಿಳಿಯದೆ ಇಲ್ಲ. ಕೇಬಲ್ ಹೊಸದಾಗಿ ಬಂದಾಗ ಶುಕ್ರವಾರ ಬೆಳಗಾದರೆ ನಮ್ಮ ಕಟ್ಟೆಯ ಮೇಲೆ ಹೆಂಗಸರು ಕಾಯುತ್ತಿದ್ದರು. ಕನ್ನಡದ್ದು ಒಂದು ಕಡೆ, ತೆಲುಗಿನದು ಒಂದು ಕಡೆ, ಯಾವ ಸಿನಿಮಾ ಎಷ್ಟು ಹೊತ್ತಿಗೆ ಎಂದು ನೀವು ಬರೆದದ್ದನ್ನು ನೋಡಿ ಅನ್ನಕ್ಕೆ ಇಡುತ್ತಿದ್ದರು. ಆಮೇಲೆ ನಟಿಯರ ಫೋಟೋಗಳಿಗಾಗಿ ತರಿಸಿದರು, ಆಮೇಲೆ ವಾರಭವಿಷ್ಯಕ್ಕೆ. ಈಗ ಎಲ್ಲರ ಕೈಯಲ್ಲೂ ಫೋನು, ಬೇಕಾದಾಗ ಬೇಕಾದ್ದು ನೋಡುತ್ತಾರೆ. ಅದಕ್ಕೆ ನಾನೇನು ಮಾಡಲಿ? ಒಮ್ಮೆ ಜಾಹೀರಾತು ಬಾರದೆ ಕೊನೆಯ ಪುಟದಲ್ಲಿ ಅಂಗೈಯಷ್ಟು ಜಾಗ ಖಾಲಿ ಉಳಿದಾಗ, “ಏನಾರ ಹಾಕು” ಅಂದವರು ನೀವೇ. ನೀರು ಬಿಡುವವನನ್ನು ಕೇಳಿ, ಓಣಿಯ ಮದುವೆ, ಸಾವು, ತೊಟ್ಟಿಲು ಎಲ್ಲಾ ವಿಚಾರಿಸಿ ಹಾಕಿದೆ. ಅಂಗೈಯಷ್ಟಿದ್ದದ್ದು ಪುಟವಾಯಿತು. ಜನ ಓದದಿದ್ದರೆ ನಿಮಗೆ ಸಿಟ್ಟು, ನನ್ನ ಪುಟ ಓದಿದರೆ ಇನ್ನೂ ಸಿಟ್ಟು. ಇದಕ್ಕೆ ಏನನ್ನಬೇಕು ನೀವೇ ಹೇಳಿ.

ಹೋದ ವಾರದ ಸಂಚಿಕೆ ನಿಲ್ಲಬಾರದೆಂದು ನಾನೇ ಬಳ್ಳಾರಿಗೆ ಹೋದೆ. ಗಾಂಧಿನಗರದ ಪ್ರೆಸ್ಸಿನ ಜಂಬುನಾಥ ನನ್ನನ್ನು ನೋಡಿ ಗಾಬರಿಯಾದ. “ಸಾರ್ ಆರಾಮ್ ಅದಾರಿಲ್ರೀ ಅಕ್ಕಾರ?” ಅಂದ. “ಆರಾಮ್ ಅದಾರ, ಅಕ್ಕನ ಮನ್ಯಾಗ ರೊಟ್ಟಿ ತಿಂತಾ ಕುಂತಾರ” ಅಂದೆ. ನೀವು ಇಷ್ಟು ವರ್ಷ ಆ ಚಾನೆಲ್‌ನವರಿಗೆಲ್ಲ ಹೇಗೆ ಬೆನ್ನು ಬಿದ್ದಿರೋ! ಒಬ್ಬರು ಹೇಳಿದ ಹೊತ್ತನ್ನು ಇನ್ನೊಬ್ಬರು ಒಪ್ಪುವುದಿಲ್ಲ. ಅರ್ಧ ಹಳೆಯ ವಾರದ್ದನ್ನೇ ಹಾಕಿಬಿಟ್ಟೆ. ಯಾರು ನೋಡುತ್ತಾರೆ ಅಂದುಕೊಂಡೆ.

ನೋಡಿದರು. ಶನಿವಾರ ಅಲ್ಲಾವುದ್ದೀನ್ ಅಣ್ಣನವರ ತಾಯಿ ಖಾತೂನಮ್ಮ ಬಿಸಿಲಿನಲ್ಲಿ ನಡೆದುಕೊಂಡು ಬಂದರು. ಹಿಂದಿನ ದಿನ ಸಂಜೆಯ ಹಳೆಯ ಹಾಡಿನ ಕಾರ್ಯಕ್ರಮಕ್ಕೆ ಮುಂಚೆಯೇ ನಮಾಜು ಮುಗಿಸಿ ಟೀವಿ ಮುಂದೆ ಕೂತಿದ್ದರಂತೆ, ಅದು ಮಧ್ಯಾಹ್ನವೇ ಬಂದು ಹೋಗಿತ್ತಂತೆ. “ಫೋನ್ ಹುಡುಗರ ಕೈಯಾಗ ಇರ್ತೈತವ್ವಾ, ನನಗ ನಿಮ್ಮ ಪೇಪರೇ ಗಡಿಯಾರ. ನಿನ್ನ ಗಂಡ ಟೈಮು ಬರದು ಹಾಕಿದ್ರ ಹಿಂಗ ತಪ್ತಿತ್ತೇನು?” ಎಂದು ಅಂಗಳದಲ್ಲೇ ನಿಂತು ಬೈದರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ನನಗೆ ನಾಚಿಕೆಯೂ ಆಯಿತು, ನಿಮ್ಮ ಮೇಲೆ ಮತ್ತಷ್ಟು ಸಿಟ್ಟೂ ಬಂತು. ಈ ಬೈಗುಳ ಕೇಳಲು ನೀವು ಇಲ್ಲಿ ಇರಬೇಕಿತ್ತು. ನಾನು ಹೊಗಳಿದ್ದರೆ ನಂಬುತ್ತಿರಲಿಲ್ಲ, ಅವರು ಬೈದದ್ದನ್ನಾದರೂ ನಂಬಿ.

ಹಂಪಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಸೇವೆ ಮಾಡಿ ಅವರ ಕೈ ಸೋತಿರಬೇಕು, ಅವರಿಗೂ ಸ್ವಲ್ಪ ಬಿಡುವು ಕೊಡಿ.

ಇಂತಿ, ನಿಮ್ಮ ದಾರಿ ನೋಡಿ ಸಾಕಾಗಿರುವ
ಜಯಶ್ರೀ

ತಾ.ಕ.: ಪಾಲಯ್ಯ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಈ ವಾರದಿಂದ ‘ಸಂಪಾದಕರು’ ಎಂಬಲ್ಲಿ ನಿಮ್ಮ ಹೆಸರಿನ ಪಕ್ಕಕ್ಕೆ ನನ್ನ ಹೆಸರನ್ನೂ ಹಾಕಲು ಜಂಬುನಾಥನಿಗೆ ಹೇಳಿದ್ದೇನೆ. “ಸಾರ್‌ಗ ಒಂದ್ ಮಾತು ಕೇಳೀರಿಲ್ರೀ?” ಅಂದ. ಕೇಳಿದ್ದೇನೆ ಅಂದೆ. ಈಗ ಕೇಳುತ್ತಿದ್ದೇನೆ. ಗುರುವಾರ ಅಚ್ಚಿಗೆ ಹೋಗುತ್ತದೆ. ಬೇಡ ಅನ್ನುವುದಿದ್ದರೆ ಅಷ್ಟರೊಳಗೆ ಬಂದು, ನನ್ನ ಮುಖ ನೋಡಿ ಹೇಳಿ.