ಹುಲಿಗೆವ್ವ ತಿಂದದ್ದು

ಫೆಬ್ರವರಿ ಮೂವತ್ತು, 2391
ಆನೆಗೊಂದಿ ಕಡೆಯ ಬಂಡೆಸಾಲು

ನಮಗಿಂತ ಹಿಂದೆ ಉಂಡು ಹೋದವರಿಗೆ,

ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ. ತಾರೀಕು ನೋಡಿ ನಗಬೇಡಿ. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಾನು ದುರುಗವ್ವ, ಎಪ್ಪತ್ತೆರಡರ ಮುದುಕಿ. ಇಲ್ಲಿ ಯಾರಿಗೂ ಬೇಡವಾದ ಒಂದು ಮಾತನ್ನು ನಿಮಗಾದರೂ ಹೇಳಿ ಸಾಯೋಣ ಎಂದು ಬರೆಯುತ್ತಿದ್ದೇನೆ.

ನಮ್ಮಲ್ಲಿ ಮರಳೂಟ ಎಂಬ ಪದ್ಧತಿಯಿದೆ. ಬದುಕಿದ್ದಾಗ ಪ್ರಾಣಿಯನ್ನು ತಿಂದವರು ಸತ್ತ ಮೇಲೆ ಪ್ರಾಣಿಗೆ ಊಟವಾಗಬೇಕು. ಕೋಳಿ, ಕುರಿ, ಮೀನು, ಯಾವುದನ್ನು ತಿಂದಿದ್ದರೂ ಹೆಣವನ್ನು ಗುಡ್ಡದ ಹಾಸುಬಂಡೆಯ ಮೇಲೆ ಮಲಗಿಸಿ ಬರುತ್ತೇವೆ. ರಣಹದ್ದು, ಕತ್ತೆಕಿರುಬಗಳು ಬರುತ್ತವೆ. ತಿನ್ನದವರಿಗೆ ಮಾತ್ರ ಮಣ್ಣು. ಹೆಣ ಎತ್ತುವ ಮೊದಲು, ಸತ್ತವರು ಏನು ತಿಂದಿದ್ದರೆಂದು ಉಣಬಡಿಸಿದ ಕೈಯೇ ಹೇಳಬೇಕು. ಆ ಮಾತನ್ನು ಯಾರೂ ಪ್ರಶ್ನಿಸುವಂತಿಲ್ಲ. ನನ್ನ ಅವ್ವನನ್ನು ಹಾಗೆಯೇ ಕೊಟ್ಟೆವು. ಅಳುತ್ತ ಮನೆಗೆ ಬಂದು ಕೋಳಿ ಸಾರು ಉಂಡೆವು.

ನನ್ನ ಮಗಳು ಹುಲಿಗೆವ್ವ ಒಂಬತ್ತನೇ ವರ್ಷಕ್ಕೆ ಜ್ವರದಿಂದ ಹೋದಳು. ಊರ ಹಿರಿಯ ಪಂಪಣ್ಣ ಕೇಳಿದ, "ಕೂಸು ಏನೇನು ತಿಂದಿತ್ತವ್ವಾ?" ಅವಳ ಪುಟ್ಟ ಪಾದ ನೋಡಿದೆ. "ರೊಟ್ಟಿ, ಮೊಸರು. ಅಷ್ಟ," ಅಂದೆ. ಹಿಂದಿನ ವಾರವಷ್ಟೇ ಅವನ ಮನೆಯಲ್ಲೇ ಅವಳು ಮೀನು ತಿಂದಿದ್ದಳು. ಪಂಪಣ್ಣ ತಲೆ ತಗ್ಗಿಸಿ ಗುದ್ದಲಿ ತರಿಸಿದ.

ಆಮೇಲೆ ಎಲ್ಲರೂ ಕಲಿತರು. ಸತ್ತವರೆಲ್ಲ ರೊಟ್ಟಿ ಮೊಸರಿನವರೇ ಆದರು. ಉಳಿದವರ ಗಡಿಗೆಯಲ್ಲಿ ಮಾತ್ರ ಮಾಂಸ ಕುದಿಯುತ್ತಲೇ ಇತ್ತು. ಬಂಡೆಗೆ ಹೆಣ ಬರುವುದು ನಿಂತು ಹದ್ದುಗಳು ಹೋದವು. ಹಸಿದ ಕಿರುಬಗಳು ಕೊಟ್ಟಿಗೆಗೆ ನುಗ್ಗಿದಾಗ ಊರವರು ಕಳ್ಳರೆಂದು ಬೈಯುತ್ತ ಹೊಡೆದು ಕೊಂದರು. ಕಳ್ಳಿ ನಾನು. ಈಗ ಒಂದೇ ಒಂದು ಕುಂಟ ಕಿರುಬ ಉಳಿದಿದೆ. ಸಂಜೆ ಬಂದು ಬಂಡೆ ಮೂಸಿ ಹೋಗುತ್ತದೆ.

ನನಗೂ ದಿನ ಹತ್ತಿರವಾಗಿದೆ. ಮಗ ಯಂಕೋಬ ಪ್ರೀತಿಯಿಂದಲೇ ಮಾತು ಕೊಟ್ಟಿದ್ದಾನೆ: "ನಿನ್ನ ಗುಡ್ಡಕ್ಕ ಒಯ್ಯಂಗಿಲ್ಲಬೇ." ಗುಡ್ಡಕ್ಕೇ ಒಯ್ಯಿ ಎಂದು ಬೇಡಿಕೊಂಡೆ, ಎದ್ದು ಹೋದ. ಈಗ ನನಗೆ ಉಣಬಡಿಸುವ ಕೈ ಅವನದು, ಅವನ ಮಾತೇ ಕೊನೆ.

ಸತ್ತವರು ಏನು ತಿಂದಿದ್ದರೆಂದು ನಿಮ್ಮ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲವಂತೆ. ತಿನ್ನಿ, ಬಿಡಿ, ಅದು ನಿಮ್ಮದು. ತಿಂದಿಲ್ಲ ಎಂದು ಮಾತ್ರ ಹೇಳಬೇಡಿ. ನಾನು ಜೀವಮಾನವಿಡೀ ಕುರಿ, ಕೋಳಿ, ಮೀನು ತಿಂದಿದ್ದೇನೆ. ನನ್ನ ಹುಲಿಗೆವ್ವನೂ ಮೀನು ತಿಂದಿದ್ದಳು. ಮುಳ್ಳು ಬಿಡಿಸಿ ನಾನೇ ತಿನ್ನಿಸುತ್ತಿದ್ದೆ; ಇನ್ನೊಂದು ತುತ್ತು ಬೇಕೆಂದು ಬಾಯಿ ತೆರೆಯುತ್ತಿದ್ದಳು.