ಮೀನು ಅಗ್ಗದ ಊರು

ನವೆಂಬರ್ 12, ಬುಧವಾರ. ಚನ್ನಗಿರಿ.

ನಮ್ಮ ಬೇಕರಿ ಮುಚ್ಚಿದ ಮೇಲೆ ಇಲ್ಲಿ ಬಾಡಿಗೆ ಕಟ್ಟಾಕೆ ಆಗ್ತಿಲ್ಲ. ಅಂಕೋಲಾದಲ್ಲಿ ಇವರಿಗೆ ಕೆಲಸ ಸಿಕ್ಕಿದೆ, ಬಾಡಿಗೆಯೂ ಅರ್ಧವಂತೆ. ಸಂಜೆ ಕೂತು ಲೆಕ್ಕ ಹಾಕಿದೆವು. ಅಲ್ಲಿ ತರಕಾರಿ ದುಬಾರಿ, ಬಾಡಿಗೆಯಲ್ಲಿ ಉಳಿಯೋದನ್ನೆಲ್ಲ ಅದೇ ನುಂಗುತ್ತೆ.

"ಅಲ್ಲಿ ಅಗ್ಗ ಅಂದ್ರೆ ಮೀನೊಂದೇ. ನಾವು ಮುಟ್ಟೋರಲ್ಲ," ಅಂದೆ.

ಇವರು ತಲೆ ತಗ್ಗಿಸಿ, "ಅವ್ವ ಬಸವಾಪಟ್ಟಣದಾಗೆ ಅಕ್ಕನ ಮನೇಲಿರ್ಲಿ. ಒಬ್ಬರ ಊಟ ಉಳಿಯುತ್ತೆ," ಅಂದರು. ನಾನು ಬೇಡ ಅನ್ನಲಿಲ್ಲ.

ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದರು. ಲಿಂಗಪೂಜೆ ಆಗದೆ ಹನಿ ನೀರೂ ಕುಡಿಯದವರು ಬಂದು ನನ್ನ ಕೈ ಹಿಡಿದುಕೊಂಡರು.

"ನಾನು ಮೀನು ತಿನ್ನಾಕೆ ಕಲಿತೀನಮ್ಮ. ನನ್ನ ಬಿಟ್ಟು ಹೋಗಬ್ಯಾಡ್ರಿ."

ಇವರು ಎದ್ದು ಹೊರಗೆ ಹೋಗಿಬಿಟ್ಟರು. "ಕರ್ಕೊಂಡೇ ಹೋಗ್ತೀವಿ ಅತ್ತೆ," ಅಂದುಬಿಟ್ಟೆ ನಾನು. ಅಲ್ಲಿ ಅತ್ತೆಗೆ ಏನು ಬೇಯಿಸಿ ಹಾಕ್ತೀನೋ, ನನಗಂತೂ ಒಂದೂ ತೋಚ್ತಿಲ್ಲ. ಆದರೆ ಆ ಮಾತು ಇನ್ನೊಂದು ಸಲ ಕೇಳೋ ಶಕ್ತಿ ನನಗೆ ಇಲ್ಲ.